ಪಾದ್ರಿಗಳು ಬರೆದ ಜಾನಪದ ಸಾಹಸ ಕತೆಗಳು ಇದ್ದರೆ ಹೇಳಿ (ಉಪದೇಶ ಕಡಿಮೆ, ಮಜಾ ಜಾಸ್ತಿ ಇರಬೇಕು)

ಭಾನುವಾರದ ಟೀಚರ್:
ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶದ ಕ್ಲಾಸ್ ನಾನೇ ತೆಗೆದುಕೊಳ್ಳುವುದು. ಆರನೇ ಕ್ಲಾಸಿನಿಂದ ಎಂಟರವರೆಗಿನ ಮಕ್ಕಳು. ಸಂತರ ಕತೆ ಶುರು ಮಾಡಿದರೆ ಸಾಕು, ಕೊನೆಗೆ ಏನಾಗುತ್ತದೆ ಅಂತ ಅವರೇ ಹೇಳಿ ಮುಗಿಸಿಬಿಡುತ್ತಾರೆ. ಆಮೇಲೆ ಆಕಳಿಕೆ. ಹಾಗಾಗಿ ಪಾದ್ರಿಗಳೇ ಬರೆದಿದ್ದರೂ ಅಜ್ಜಿ ಕತೆ ತರಹ ಇರುವಂಥದ್ದು ಹುಡುಕುತ್ತಿದ್ದೇನೆ: ಸೈತಾನ, ಮೋಸ, ಕಡಲು, ಪೆದ್ದರು, ಏನಾದರೂ ಸರಿ. ದೇವರ ವಿಷಯ ಕತೆಯೊಳಗೇ ಬೆರೆತಿರಲಿ, ಕೊನೆಯಲ್ಲಿ ತಂದು ಅಂಟಿಸಿದ ಹಾಗಿರಬಾರದು. ಕನ್ನಡದಲ್ಲೇ ಇರಬೇಕು ಅಂತಿಲ್ಲ. ಇಂಗ್ಲಿಷ್‌ನಲ್ಲಿ ಸಿಕ್ಕರೆ ಓದಿಕೊಂಡು ನಾನೇ ಕನ್ನಡದಲ್ಲಿ ಹೇಳುತ್ತೇನೆ.

ಹಳೇಪುಸ್ತಕ:
ಕಣ್ಣು ಮುಚ್ಚಿಕೊಂಡು ಐರ್ಲೆಂಡಿನ ‘ಶೇನಾ’ ತೆಗೆದುಕೊಳ್ಳಿ. ಬರೆದವರು ಫಾದರ್ ಪೀಟರ್ ಓಲಿಯರಿ, ಕಾರ್ಕ್ ಕಡೆಯವರು, 1891ರಿಂದ 1920ರಲ್ಲಿ ತೀರಿಕೊಳ್ಳುವವರೆಗೂ ಕ್ಯಾಸಲ್‌ಲಯನ್ಸ್ ಅನ್ನುವ ಊರಿನ ಪಾದ್ರಿ. ಕತೆ 1894ರಿಂದ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು, 1904ರಲ್ಲಿ ಪೂರ್ತಿ ಪುಸ್ತಕವಾಯಿತು. ಇಂಗ್ಲಿಷ್ ಅನುವಾದವೂ ಇದೆ.

ಶೇನಾ ಒಬ್ಬ ಬೂಟು ಹೊಲಿಯುವವನು, ಒಂಟಿ ಮನುಷ್ಯ. ಅವನ ಆಸ್ತಿ ಅಂದರೆ ಹುಲ್ಲುಹಗ್ಗ ಹೆಣೆದ ಒಂದು ಕುರ್ಚಿ, ಒಲೆ ಪಕ್ಕ ನೇತುಹಾಕಿದ ಹಿಟ್ಟಿನ ಚೀಲ, ಒಂದು ಸೇಬಿನ ಮರ. ಕೈಯಲ್ಲಿ ಮೂರೇ ಶಿಲ್ಲಿಂಗ್ ಇದ್ದಾಗ ಮೂವರು ಬಡವರು ಒಬ್ಬರ ಹಿಂದೊಬ್ಬರು ಬಂದು ದೇವರ ಹೆಸರಲ್ಲಿ ಕೇಳುತ್ತಾರೆ, ಮೂರನ್ನೂ ಕೊಟ್ಟುಬಿಡುತ್ತಾನೆ. ಕೊನೆಗೆ ಬಂದವನು ಸಾಮಾನ್ಯದವನಲ್ಲ, ಮೂರು ವರ ಕೇಳು ಅನ್ನುತ್ತಾನೆ. ಈ ಮಹಾಶಯ ಕೇಳಿದ್ದೇನು ಗೊತ್ತಾ? ಸ್ವರ್ಗ ಅಲ್ಲ, ದುಡ್ಡೂ ಅಲ್ಲ. ಬಂದವರೆಲ್ಲ ನನ್ನ ಕುರ್ಚಿಯಲ್ಲೇ ಕೂರುತ್ತಾರೆ, ಹಾಗೆ ಕೂತವರು ಅಲ್ಲೇ ಅಂಟಿಕೊಳ್ಳಲಿ. ಹಿಟ್ಟಿನ ಚೀಲಕ್ಕೆ ಕೈ ಹಾಕಿದವರ ಕೈ ಅಲ್ಲೇ ಅಂಟಲಿ. ಸೇಬಿಗೆ ಕೈ ಹಾಕಿದವರೂ ಅಷ್ಟೇ! ಆಮೇಲೆ ಕೊಂಬಿನ ಕರಿಯ ಮನುಷ್ಯ, ಅಂದರೆ ಸೈತಾನ, ಬರುತ್ತಾನೆ. ಹದಿಮೂರು ವರ್ಷಕ್ಕೆ ಬೇಕಾದಷ್ಟು ಚರ್ಮ ಕೊಳ್ಳಲು ದುಡ್ಡು ಕೊಡುತ್ತೇನೆ, ಅವಧಿ ಮುಗಿದ ಮೇಲೆ ನನ್ನ ಜೊತೆ ಬಾ ಅನ್ನುತ್ತಾನೆ. ಹದಿಮೂರು ವರ್ಷ ಮುಗಿದ ದಿನ ಆ ಕುರ್ಚಿ ಯಾರಿಗೆ ಉಪಯೋಗಕ್ಕೆ ಬರುತ್ತದೆ ಅಂತ ನಿಮ್ಮ ಮಕ್ಕಳೇ ಊಹಿಸಲಿ.

ಇನ್ನೊಂದು ಮಾತು. ಕತೆಯನ್ನು ಪಾದ್ರಿ ನೇರವಾಗಿ ಹೇಳುವುದಿಲ್ಲ. ಪೆಗ್ ಅನ್ನುವವಳು ಬೆಂಕಿ ಮುಂದೆ ಕೂತು ಹುಡುಗಿಯರಿಗೆ ಹೇಳುತ್ತಾಳೆ. ಅದರಲ್ಲಿ ಪುಟ್ಟ ಶೀಲಾ (ಹೌದು, ಉಚ್ಚಾರ ನಮ್ಮ ಶೀಲಾನೇ) ಸುಮ್ನೆ ಕೂರುವುದೇ ಇಲ್ಲ, ಮಧ್ಯೆ ಮಧ್ಯೆ ಬಾಯಿ ಹಾಕುತ್ತಾಳೆ. ಆಗಿನ ಕಾಲಕ್ಕೆ ಐರಿಷ್ ಬರೆಯುವವರಲ್ಲಿ ಕೆಲವರು ಮುನ್ನೂರು ವರ್ಷದ ಹಿಂದಿನ ಗ್ರಂಥಭಾಷೆಯೇ ಬೇಕು ಅಂತ ಹಟ ಹಿಡಿದಿದ್ದರು. ಈ ಫಾದರ್ ಮಾತ್ರ ಹಳ್ಳಿ ಜನ ಆಡುವ ಮಾತಲ್ಲೇ ಬರೆಯಬೇಕು ಅಂತ ಪಟ್ಟು ಹಿಡಿದವರು. ಅದಕ್ಕೇ ಈ ಕತೆಯಲ್ಲಿ ಪ್ರಸಂಗದ ವಾಸನೆ ಕಡಿಮೆ.

ಕುಡ್ಲದ ಓದುಗಿ:
ಕಡಲು ಬೇಕು ಅಂದಿರಲ್ಲ, ಹಾಗಾದರೆ ‘ನೋನ್ನಿ’ ಪುಸ್ತಕಗಳು. ಬರೆದವರು ಯೋನ್ ಸ್ವೇನ್‌ಸನ್, 1857ರಲ್ಲಿ ಐಸ್‌ಲೆಂಡಿನಲ್ಲಿ ಹುಟ್ಟಿ ಜೆಸ್ವಿಟ್ ಪಾದ್ರಿಯಾದವರು. ಬರೆದದ್ದು ಜರ್ಮನ್‌ನಲ್ಲಿ. ಪೂರ್ತಿ ಜಾನಪದ ಅನ್ನಲಾಗದು, ಅವರದೇ ಬಾಲ್ಯ, ಆದರೆ ಸಾಹಸಕ್ಕೇನೂ ಕೊರತೆ ಇಲ್ಲ. ಕೊಳಲು ಊದಿದರೆ ಮೀನು ಬರುತ್ತದೆ ಅಂತ ನಂಬಿ ಅಣ್ಣ ತಮ್ಮ ಇಬ್ಬರೇ ದೋಣಿಯಲ್ಲಿ ಹೋಗುತ್ತಾರೆ. ದೋಣಿ ತೇಲಿಕೊಂಡು ದೂರ ಹೋಗುತ್ತದೆ, ಮಂಜು ಕವಿಯುತ್ತದೆ, ಸುತ್ತ ತಿಮಿಂಗಿಲಗಳು. ಆಗ ಹುಡುಗರು ಹರಕೆ ಹೊರುತ್ತಾರೆ: ಬದುಕಿದರೆ ಸಂತ ಫ್ರಾನ್ಸಿಸ್ ಜೇವಿಯರ್ ಹಾಗೆ ಆಗುತ್ತೇವೆ ಅಂತ! ಗೋವಾಕ್ಕೆ ಹೋಗಿ ಅವರ ದರ್ಶನ ಮಾಡಿ ಬಂದ ಮಕ್ಕಳು ನಿಮ್ಮ ಕ್ಲಾಸಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ ಅಲ್ವಾ, ಅವರ ಕಿವಿ ನೆಟ್ಟಗಾಗುತ್ತದೆ.

ಗಡಿನಾಡಿನವ:
ಐರ್ಲೆಂಡ್, ಐಸ್‌ಲೆಂಡ್ ಅಂತ ಅಷ್ಟು ದೂರ ಯಾಕೆ ಹೋಗಬೇಕು ಸ್ವಾಮಿ? ಪಕ್ಕದ ತಮಿಳುನಾಡಲ್ಲೇ ವೀರಮಾಮುನಿವರ್ ಇದ್ದಾರಲ್ಲ. ಇಟಲಿಯ ಜೆಸ್ವಿಟ್ ಪಾದ್ರಿ ಬೆಸ್ಕಿ, 1680ರಲ್ಲಿ ಹುಟ್ಟಿದವರು. ಸಂತ ಜೋಸೆಫರ ಮೇಲೆ ‘ತೇಂಬಾವಣಿ’ ಅನ್ನುವ ಮಹಾಕಾವ್ಯ ಬರೆದ ಅದೇ ಕೈ ‘ಪರಮಾರ್ಥ ಗುರುವಿನ ಕತೆ’ಯನ್ನೂ ಬರೆಯಿತು. 1822ರಲ್ಲಿ ಲಂಡನ್ನಿನಲ್ಲಿ ತಮಿಳು, ಇಂಗ್ಲಿಷ್ ಎರಡನ್ನೂ ಸೇರಿಸಿ ಅಚ್ಚು ಹಾಕಿದರು.

ಒಬ್ಬ ಗುರು, ಐದು ಜನ ಶಿಷ್ಯರು, ಒಬ್ಬರಿಗಿಂತ ಒಬ್ಬರು ಪೆದ್ದರು. ಹೊಳೆ ದಾಟಬೇಕು, ಹೊಳೆ ಎದ್ದಿದೆಯಾ ಮಲಗಿದೆಯಾ ಅಂತ ನೋಡಲು ಉರಿಯುವ ಕೊಳ್ಳಿ ನೀರಿಗೆ ಅದ್ದುತ್ತಾರೆ. ಚುರ್ ಅನ್ನುತ್ತದೆ. ಅಯ್ಯೋ ಎದ್ದಿದೆ ಅಂತ ಓಟ! ಸ್ವಲ್ಪ ಹೊತ್ತಾದ ಮೇಲೆ ಆರಿದ ಅದೇ ಕೊಳ್ಳಿ ಅದ್ದುತ್ತಾರೆ, ಸದ್ದೇ ಇಲ್ಲ, ನಿದ್ದೆ ಹತ್ತಿದೆ ಅಂತ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ದಾಟುತ್ತಾರೆ. ಆಚೆ ದಡದಲ್ಲಿ ತಲೆ ಎಣಿಸಿದರೆ ಒಬ್ಬ ಕಮ್ಮಿ, ಎಣಿಸುವವನು ತನ್ನನ್ನು ಬಿಟ್ಟು ಎಣಿಸುತ್ತಾನೆ. ಕುಂಬಳಕಾಯಿಯನ್ನು ಕುದುರೆ ಮೊಟ್ಟೆ ಅಂತ ದುಡ್ಡು ಕೊಟ್ಟು ತರುವುದೂ ಇದರಲ್ಲೇ ಇದೆ. ತೆಲುಗು ಕಡೆಯ ಪರಮಾನಂದಯ್ಯನ ಶಿಷ್ಯರ ಕತೆ ಕೇಳಿದವರಿಗೆ ತಕ್ಷಣ ಗುರುತು ಸಿಗುತ್ತದೆ.

ಅರ್ಧ ವೇದಾಂತಿ:
ನಗಲು ಚೆನ್ನಾಗಿದೆ, ಒಪ್ಪಿದೆ. ಆದರೆ ಕೇಳಿದ್ದು ನಂಬಿಕೆಯ ಕತೆ ಅಲ್ವಾ? ಇದರಲ್ಲಿ ದೇವರು ಎಲ್ಲಿದ್ದಾನೆ? ವಿದೇಶಿ ಪಾದ್ರಿಯೊಬ್ಬ ಇಲ್ಲಿಯ ಗುರು, ಮಠಗಳನ್ನು ಗೇಲಿ ಮಾಡಲು ಬರೆದದ್ದು ಅಂತಲೂ ಜನ ಹೇಳುತ್ತಾರೆ. ಚರ್ಚಿನ ಕ್ಲಾಸಲ್ಲಿ ಹೇಳಿದರೆ ಹೊರಗೆ ಬೇರೆ ಅರ್ಥ ಬರಬಹುದು, ನೋಡಿಕೊಳ್ಳಿ. ಅಂದ ಹಾಗೆ ಆ ಎಣಿಕೆ ಕತೆ ಬೆಸ್ಕಿಯ ಸ್ವಂತದ್ದಲ್ಲ. ಹದಿನಾಲ್ಕನೇ ಶತಮಾನದಲ್ಲೇ ಶೃಂಗೇರಿಯ ವಿದ್ಯಾರಣ್ಯರು ‘ಪಂಚದಶಿ’ಯಲ್ಲಿ ಹತ್ತನೆಯವನ ದೃಷ್ಟಾಂತ ಕೊಟ್ಟಿದ್ದಾರೆ. ಹತ್ತು ಜನ ಹೊಳೆ ದಾಟಿ ಒಂಬತ್ತೇ ಎಣಿಸಿ ಅಳುತ್ತಾರೆ, ಹತ್ತನೆಯವನು ನೀನೇ ಕಣಪ್ಪಾ ಅಂತ ದಾರಿಹೋಕ ಹೇಳುತ್ತಾನೆ.

ಗಡಿನಾಡಿನವ:
@ಅರ್ಧ ವೇದಾಂತಿ ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಟ್ಟಿತು. ಆತ ಊರ ಜನರ ಬಾಯಲ್ಲಿ ಓಡಾಡುತ್ತಿದ್ದ ಕತೆಗಳನ್ನು ಎತ್ತಿಕೊಂಡು ಒಂದು ದಾರಕ್ಕೆ ಪೋಣಿಸಿದರು. ಗೇಲಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಜನ ಪೆದ್ದ ಗುರುವಿನ ಕತೆ ಹೇಳಿಕೊಂಡು ನಗುವುದನ್ನು ಯಾವ ಪಾದ್ರಿಯಿಂದಲೂ ಕಲಿಯಬೇಕಿರಲಿಲ್ಲ. ನನ್ನ ಕೇಳಿದರೆ ಒಳ್ಳೆ ಪಾದ್ರಿ ಕತೆಗೆ ಇದೇ ಗುರುತು. ಜನರ ಕತೆಯ ತುಂಟತನವನ್ನು ತೊಳೆದು ಬಿಳಿ ಮಾಡದೆ ಹಾಗೇ ಬಿಡಬೇಕು. ಶೇನಾ ಕೂಡ ಅದಕ್ಕೇ ಗೆದ್ದದ್ದು.

ಭಾನುವಾರದ ಟೀಚರ್:
ಇಷ್ಟೊಂದು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಶೇನಾ ಮೊದಲು, ನೋನ್ನಿ ಆಮೇಲೆ. ಪರಮಾರ್ಥ ಗುರುವಿನಲ್ಲಿ ಕೊಳ್ಳಿ, ಕುದುರೆ ಮೊಟ್ಟೆ ಎರಡನ್ನೇ ಹೇಳುತ್ತೇನೆ. ಎಣಿಕೆ ಕತೆಯನ್ನು ವಿದ್ಯಾರಣ್ಯರ ಹೆಸರು ಸೇರಿಸಿಯೇ ಹೇಳಬಹುದು ಅನಿಸುತ್ತಿದೆ, ಅದಕ್ಕೆ ಯಾರೂ ಬೇಜಾರಾಗಲಾರರು. @ಹಳೇಪುಸ್ತಕ, ಶೇನಾ ಒಂದೇ ಕ್ಲಾಸಲ್ಲಿ ಮುಗಿಯುತ್ತದಾ? ನನಗೆ ಸಿಗುವುದು ಮುಕ್ಕಾಲು ಗಂಟೆ.

ಹಳೇಪುಸ್ತಕ:
ಖಂಡಿತ ಮುಗಿಯುವುದಿಲ್ಲ. ನಡುವೆ ಮದುವೆ ಮಾತುಕತೆ, ಜಾತ್ರೆ, ಕುದುರೆ ವ್ಯಾಪಾರ, ಪೇಟೆಯ ಮೋಸಗಾರರು ಅಂತ ಉದ್ದಕ್ಕೆ ಹೋಗುತ್ತದೆ. ದೊಡ್ಡವರಿಗೆ ಅದೇ ರುಚಿ, ಮಕ್ಕಳಿಗೆ ಸ್ವಲ್ಪ ಜಾಸ್ತಿಯಾಗುತ್ತದೆ. ಮೊದಲ ವಾರ ಮೂರು ವರ ಹೇಳಿ ಸೈತಾನ ಬಾಗಿಲಿಗೆ ಬಂದಲ್ಲಿಗೆ ನಿಲ್ಲಿಸಿ, ಎರಡನೇ ವಾರ ಒಪ್ಪಂದ ಮತ್ತು ದುಡ್ಡು, ಮೂರನೇ ವಾರ ನೇರ ಕುರ್ಚಿಗೆ ಬನ್ನಿ. ಮಧ್ಯೆ ಬಾಯಿ ಹಾಕುವ ಮಗು ನಿಮ್ಮ ಕ್ಲಾಸಲ್ಲೂ ಒಂದು ಇದ್ದೇ ಇರುತ್ತದೆ. ಶೀಲಾನ ಮಾತುಗಳನ್ನು ಆ ಮಗುವಿಗೇ ಬರೆದುಕೊಡಿ, ಓದಲಿ.