ಮೋಟಾರ್ ನ್ಯೂರಾನ್ ಕಾಯಿಲೆ ಮತ್ತು ಜೀನ್ ಚಿಕಿತ್ಸೆ: ನರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಿಂಧನೂರಿನ ಸದಸ್ಯರು):
ಡಾಕ್ಟರಿಗೆ ನಮಸ್ಕಾರ. ನಮ್ಮ ಅಣ್ಣನಿಗೆ 48 ವರ್ಷ, ಭತ್ತದ ಬೇಸಾಯ ಮಾಡುತ್ತಾರೆ. ಮೊದಲು ಬಲಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದಂತಾಯಿತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ಕರಗಿ ಗುಳಿ ಬಿದ್ದಿದೆ. ಈಗ ನಡೆಯುವಾಗ ಎಡಗಾಲಿನ ಚಪ್ಪಲಿ ಅವರಿಗೆ ಗೊತ್ತಾಗದಂತೆ ಕಳಚಿಹೋಗುತ್ತದೆ. ಬೆಂಗಳೂರಿನಲ್ಲಿ ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ಮೋಟಾರ್ ನರಕೋಶಗಳು ಸಾಯುವ ಕಾಯಿಲೆ) ಎಂದು ಹೇಳಿ, ಕಾಯಿಲೆಯನ್ನು ಸ್ವಲ್ಪ ನಿಧಾನಗೊಳಿಸುವ ರಿಲುಜೋಲ್ ಮಾತ್ರೆ ಕೊಟ್ಟಿದ್ದಾರೆ. ನಮ್ಮ ಕಾಕಾ ಕೂಡ ಐವತ್ತರ ಸುಮಾರಿಗೆ ಹೀಗೆಯೇ ಕೈಕಾಲು ಸೋತು ತೀರಿಕೊಂಡರು. ತಂದೆಯವರು ಅದಕ್ಕೂ ಮುಂಚೆ, ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ಹೋದರು. ಒಂದು ಖಾಸಗಿ ಕೇಂದ್ರದವರು ಸ್ಟೆಮ್ ಸೆಲ್ ಕೊಡುತ್ತೇವೆ, ಅದೂ ಜೀನ್ ಚಿಕಿತ್ಸೆಯೇ ಎನ್ನುತ್ತಿದ್ದಾರೆ. ಎರಡು ಎಕರೆ ಮಾರಿಯಾದರೂ ಕೊಡಿಸೋಣವೆಂದು ಮನೆಯಲ್ಲಿ ಮಾತಾಗಿದೆ.

ಉತ್ತರ (ನರರೋಗ ತಜ್ಞರು, ಬಳ್ಳಾರಿ):
ಹೊಲ ಮಾರುವ ಮಾತನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಸ್ಟೆಮ್ ಸೆಲ್ ಜೀನ್ ಚಿಕಿತ್ಸೆಯಲ್ಲ, ಎಎಲ್‌ಎಸ್‌ಗೆ ಅದು ಅಂಗೀಕೃತ ಚಿಕಿತ್ಸೆಯೂ ಅಲ್ಲ. ಸಂಶೋಧನೆಯ ಹಂತದಲ್ಲಿರುವ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳುವವರನ್ನು ನಂಬಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕಾಕಾನವರ ವಿಷಯದ ಮೇಲೆ. ಎಎಲ್‌ಎಸ್ ರೋಗಿಗಳಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ ಮಾತ್ರ ಕಾಯಿಲೆ ವಂಶದಲ್ಲಿ ಹರಿದು ಬಂದಿರುತ್ತದೆ, ನಿಮ್ಮದು ಅಂಥ ಮನೆತನ ಇರಬಹುದು. ತಂದೆಯವರು ದೋಷವನ್ನು ಹೊತ್ತಿದ್ದೂ ಅದು ಪ್ರಕಟವಾಗುವ ವಯಸ್ಸಿಗೆ ಮೊದಲೇ ತೀರಿಕೊಂಡಿರುವ ಸಾಧ್ಯತೆ ಇದೆ. ಆದ್ದರಿಂದ ಅಣ್ಣನವರಿಗೆ ಮೊದಲು ಆಗಬೇಕಾದದ್ದು ಜೀನ್ ಪರೀಕ್ಷೆ. ಅದಕ್ಕೆ ರಕ್ತದ ಮಾದರಿ ಸಾಕು. ಹಲವು ಜೀನುಗಳನ್ನು ಒಟ್ಟಿಗೆ ನೋಡುವ ಸಾಮಾನ್ಯ ಜೀನ್ ಪ್ಯಾನೆಲ್‌ನಲ್ಲಿ ಸಿ9ಒಆರ್‌ಎಫ್72 ಜೀನಿನ ದೋಷ ತಪ್ಪಿಹೋಗುವ ಸಂಭವವಿದೆ, ಏಕೆಂದರೆ ಅಲ್ಲಿ ಜೀನಿನ ಸಂಕೇತದ ಅಕ್ಷರ ಬದಲಾಗಿರುವುದಿಲ್ಲ, ಒಂದು ಸಣ್ಣ ತುಣುಕು ಮತ್ತೆ ಮತ್ತೆ ಪುನರಾವರ್ತನೆಯಾಗಿ ಉದ್ದ ಬೆಳೆದಿರುತ್ತದೆ. ಅದನ್ನು ಬೇರೆ ವಿಧಾನದಿಂದ ನೋಡಬೇಕು. ಚೀಟಿಯಲ್ಲಿ ಅದನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ಪರೀಕ್ಷೆಗೆ ಇಷ್ಟು ಒತ್ತು ಕೊಡಲು ಕಾರಣ ಎಸ್‌ಒಡಿ1 ಎಂಬ ಜೀನ್. ಎಎಲ್‌ಎಸ್‌ಗೂ ಈ ಜೀನಿಗೂ ಇರುವ ನಂಟು 1993ರಲ್ಲಿ ಪತ್ತೆಯಾಯಿತು. ದೋಷವಿರುವ ಜೀನಿನಿಂದ ತಯಾರಾಗುವ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಮೋಟಾರ್ ನರಕೋಶಕ್ಕೆ ವಿಷವಾಗುತ್ತದೆ. ಈ ದೋಷಕ್ಕೆಂದೇ ಇರುವ ಟೋಫರ್ಸೆನ್ ಎಂಬ ಔಷಧಿ ಜೀನನ್ನು ಮುಟ್ಟುವುದಿಲ್ಲ. ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತು ಜೀನಿನಿಂದ ಹೊರಟ ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ನಾಶಮಾಡಿಸುತ್ತದೆ, ಹಾಗಾಗಿ ಆ ಪ್ರೋಟೀನಿನ ತಯಾರಿಕೆಯೇ ಕಡಿಮೆಯಾಗುತ್ತದೆ. ಇದನ್ನು ಬೆನ್ನುಹುರಿಯ ದ್ರವಕ್ಕೆ, ಸೊಂಟದಲ್ಲಿ ಸೂಜಿ ಹಾಕಿ ಕೊಡಬೇಕು: ಮೊದಲು 14 ದಿನಕ್ಕೊಮ್ಮೆ ಮೂರು ಸಲ, ಆಮೇಲೆ 28 ದಿನಕ್ಕೊಮ್ಮೆ.

ಫಲಿತಾಂಶವನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ. 108 ರೋಗಿಗಳ ಪ್ರಯೋಗದಲ್ಲಿ 28 ವಾರಗಳ ಕೊನೆಗೆ ಕೈಕಾಲಿನ ಶಕ್ತಿ, ನುಂಗುವಿಕೆ, ಉಸಿರಾಟಗಳ ಅಂಕದಲ್ಲಿ ಔಷಧಿ ಪಡೆದವರಿಗೂ ಪಡೆಯದವರಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಆದರೆ ನರಕೋಶಗಳು ಸಾಯುವಾಗ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನಿನ ಮಟ್ಟ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಪ್ರಯೋಗ ಮುಂದುವರಿದಾಗ, ಮೊದಲಿನಿಂದ ಔಷಧಿ ಪಡೆದವರು ತಡವಾಗಿ ಆರಂಭಿಸಿದವರಿಗಿಂತ ನಿಧಾನವಾಗಿ ಕುಗ್ಗಿದರು. ಈ ಆಧಾರದ ಮೇಲೆಯೇ ಅಮೆರಿಕ 2023ರಲ್ಲಿ ಅದಕ್ಕೆ ಷರತ್ತಿನ ಅನುಮತಿ ಕೊಟ್ಟಿತು. ಸತ್ತುಹೋದ ನರಕೋಶವನ್ನು ಇದು ಎಬ್ಬಿಸುವುದಿಲ್ಲ, ಉಳಿದಿರುವುದನ್ನು ಕಾಯುತ್ತದೆ. ಆದ್ದರಿಂದ ಪ್ರತಿ ತಿಂಗಳಿಗೂ ಬೆಲೆಯಿದೆ.

ಎಲ್ಲ ರೋಗಿಗಳನ್ನೂ ಸೇರಿಸಿದರೆ ಎಸ್‌ಒಡಿ1 ದೋಷ ಇರುವವರು ನೂರಕ್ಕೆ ಸುಮಾರು ಇಬ್ಬರು. ಸಿ9ಒಆರ್‌ಎಫ್72ಗೆ ಇದೇ ಬಗೆಯ ಔಷಧಿಯೊಂದನ್ನು ಪ್ರಯೋಗಿಸಿದರೂ ಪ್ರಯೋಜನ ಕಾಣದೆ 2022ರಲ್ಲಿ ಕೈಬಿಟ್ಟರು. ವರದಿ ಬರುವವರೆಗೆ ರಿಲುಜೋಲ್ ಬಿಡಿಸಬೇಡಿ. ಮಲಗಿದಾಗ ಉಸಿರು ಕಟ್ಟಿದಂತಾದರೆ, ಬೆಳಿಗ್ಗೆ ತಲೆನೋವಿದ್ದರೆ ತಡಮಾಡದೆ ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ ಮಾಡಿಸಿ. ರಾತ್ರಿ ಮುಖವಾಡದ ಮೂಲಕ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಹಾಕಿಸಿದರೆ ಆಯುಷ್ಯವೂ ಹೆಚ್ಚುತ್ತದೆ, ನಿದ್ದೆಯೂ ಬರುತ್ತದೆ. ಖರ್ಚು ಮಾಡುವುದಿದ್ದರೆ ಅಲ್ಲಿ ಮಾಡಿ.

ಪ್ರಶ್ನೆ (ಗಂಗಾವತಿಯ ಸದಸ್ಯೆ):
ಸರ್, ನಮ್ಮ ಅಕ್ಕನ ಮಗುವಿಗೆ ಒಂಬತ್ತು ತಿಂಗಳು, ಇನ್ನೂ ಕುತ್ತಿಗೆ ನಿಂತಿಲ್ಲ. ಎಸ್‌ಎಂಎ ಟೈಪ್ 1 (ಶಿಶುಗಳಲ್ಲಿ ಕಾಣುವ, ವಂಶದಿಂದ ಬರುವ ಮೋಟಾರ್ ನ್ಯೂರಾನ್ ಕಾಯಿಲೆ) ಎಂದಿದ್ದಾರೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದೆ. ಕೋಟಿಗಟ್ಟಲೆ ಬೆಲೆಯ ಇಂಜೆಕ್ಷನ್ ಬಿಟ್ಟರೆ ಬೇರೆ ದಾರಿಯಿಲ್ಲವೇ?

ಉತ್ತರ:
ಇದೆ ತಾಯಿ. ಜೀನ್ ಆಧಾರಿತ ಚಿಕಿತ್ಸೆ ನಿಜಕ್ಕೂ ಗೆದ್ದಿರುವುದು ಈ ಕಾಯಿಲೆಯಲ್ಲಿ. ಮಗುವಿನಲ್ಲಿ ಎಸ್‌ಎಂಎನ್1 ಜೀನ್ ಇಲ್ಲವಾಗಿದೆ, ಆದರೆ ಅದರ ಪ್ರತಿಯಂತಿರುವ ಎಸ್‌ಎಂಎನ್2 ಎಲ್ಲ ರೋಗಿಗಳಲ್ಲೂ ಇರುತ್ತದೆ. ಒಂದೇ ಒಂದು ಅಕ್ಷರದ ವ್ಯತ್ಯಾಸದಿಂದ ಅದರ ಆರ್‌ಎನ್‌ಎಯಲ್ಲಿ ಏಳನೆಯ ತುಣುಕು (ಎಕ್ಸಾನ್ 7) ಬಹುಪಾಲು ಬಿಟ್ಟುಹೋಗುತ್ತದೆ, ಹಾಗಾಗಿ ಪೂರ್ಣ ಪ್ರೋಟೀನ್ ಅಲ್ಪ ಪ್ರಮಾಣದಲ್ಲಿ ಮಾತ್ರ ತಯಾರಾಗುತ್ತದೆ. 2016ರಲ್ಲಿ ಅಂಗೀಕಾರ ಪಡೆದ ನುಸಿನರ್ಸೆನ್ ಮತ್ತು 2020ರಲ್ಲಿ ಬಂದ ರಿಸ್ಡಿಪ್ಲಾಮ್, ಎರಡೂ ಆ ಏಳನೆಯ ತುಣುಕನ್ನು ಉಳಿಸಿಕೊಡುತ್ತವೆ. ರಿಸ್ಡಿಪ್ಲಾಮ್ ಪ್ರತಿದಿನ ಬಾಯಲ್ಲಿ ಹಾಕುವ ದ್ರವ ಔಷಧಿ. 2025ರಲ್ಲಿ ಅದರ ಭಾರತೀಯ ಜೆನೆರಿಕ್ ಬಂದು ಬೆಲೆ ಬಹಳ ಇಳಿದಿದೆ. ನೀವು ಹೇಳುವ ಒಂದೇ ಸಲದ ಇಂಜೆಕ್ಷನ್ ಅನ್ನು ವೈರಸ್ ಮೂಲಕ ಹೊಸ ಜೀನನ್ನೇ ಸೇರಿಸಲು ಕೊಡುತ್ತಾರೆ. ಅದಕ್ಕೆ ಯಕೃತ್ತಿನ ಮೇಲೆ ನಿಗಾ ಬೇಕು.

ಲಕ್ಷಣ ಕಾಣುವ ಮೊದಲೇ ನುಸಿನರ್ಸೆನ್ ಪಡೆದ 25 ಶಿಶುಗಳ ಅಧ್ಯಯನದಲ್ಲಿ ಎಲ್ಲ ಮಕ್ಕಳೂ ಬದುಕಿ, ಆಸರೆಯಿಲ್ಲದೆ ಕುಳಿತರು. ನಿಮ್ಮ ಮಗುವಿನಲ್ಲಿ ಲಕ್ಷಣ ಶುರುವಾಗಿರುವುದರಿಂದ ಅಷ್ಟು ಆಶೆ ಕೊಡಲಾರೆ, ಆದರೆ ಈ ವಾರವೇ ಹೊರಡಿ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ; ಬೆಂಗಳೂರಿನಲ್ಲೂ ಅಂಥ ಕೇಂದ್ರವಿದೆ.

ಸಂಬಂಧದೊಳಗಿನ ಮದುವೆಯನ್ನು ಮುಂದಿಟ್ಟುಕೊಂಡು ಅಕ್ಕನನ್ನು ಯಾರೂ ದೂರದಂತೆ ನೋಡಿಕೊಳ್ಳಿ. ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದರಷ್ಟು ಅಪಾಯವಿದೆ. ಮುಂದೆ ಬಸಿರಾದರೆ 11ರಿಂದ 13ನೇ ವಾರದೊಳಗೆ ಹೊಟ್ಟೆಯಲ್ಲಿರುವ ಮಗುವಿಗೆ ಈ ಕಾಯಿಲೆ ಇದೆಯೇ ಎಂಬ ಪರೀಕ್ಷೆ ಸಾಧ್ಯ.

ಪ್ರಶ್ನೆ (ಸಿಂಧನೂರಿನವರೇ):
ಅಣ್ಣನಿಗೆ ದೋಷ ಸಿಕ್ಕರೆ ನಾನೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ? ನನಗೆ ಇಬ್ಬರು ಸಣ್ಣ ಮಕ್ಕಳಿದ್ದಾರೆ.

ಉತ್ತರ:
ಆ ದೋಷ ನಿಮ್ಮಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಇದ್ದವರೆಲ್ಲರಿಗೂ ಕಾಯಿಲೆ ಬಂದೇ ಬರುತ್ತದೆ ಎಂದೂ ಅಲ್ಲ. ಎಸ್‌ಒಡಿ1 ದೋಷವಿದ್ದು ಇನ್ನೂ ಆರೋಗ್ಯವಾಗಿರುವವರಲ್ಲಿ ನ್ಯೂರೋಫಿಲಮೆಂಟ್ ಏರಿದ ಕೂಡಲೇ ಟೋಫರ್ಸೆನ್ ಕೊಟ್ಟು ನೋಡುವ ಪ್ರಯೋಗವೂ ಆರಂಭವಾಗಿದೆ. ಆದರೂ ತಿಳಿದುಕೊಳ್ಳುವುದು, ಬಿಡುವುದು ನಿಮ್ಮ ಹಕ್ಕು, ಮನೆಯವರ ಒತ್ತಾಯಕ್ಕೆ ಆಗಬಾರದು. ಮೊದಲು ಜೆನೆಟಿಕ್ ಕೌನ್ಸೆಲರ್ (ವಂಶದ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ತಜ್ಞರು) ಜೊತೆ ಹೆಂಡತಿಯನ್ನೂ ಕೂರಿಸಿಕೊಂಡು ಮಾತನಾಡಿ. ಮಕ್ಕಳಿಗೆ ಈಗ ಪರೀಕ್ಷೆ ಮಾಡಿಸಬೇಡಿ. 18 ತುಂಬಿದ ಮೇಲೆ ಅವರೇ ತೀರ್ಮಾನಿಸಲಿ.