ನೀರುಗಂಟಿಯ ಮೊಬೈಲಿಗೆ ಜಿಪಿಎಸ್ ಹಾಜರಾತಿ ಬೇಕೇ?

ಪಂಚಾಯತಿ ಸದಸ್ಯ, ತೀರ್ಥಹಳ್ಳಿ ತಾಲ್ಲೂಕು:
ನೀರುಗಂಟಿಗಳು ದಿನವೂ ಪೈಪ್‌ಲೈನ್ ನಡೆದು ನೋಡುತ್ತಾರೋ ಇಲ್ಲವೋ ಎಂದು ತಿಳಿಯಲು ಅವರ ಮೊಬೈಲಿನಲ್ಲಿ ಜಿಪಿಎಸ್ ಹಾಜರಾತಿ ಅಳವಡಿಸಬೇಕೆಂಬ ಪ್ರಸ್ತಾಪ ನಮ್ಮ ಗ್ರಾಮ ಪಂಚಾಯತಿ ಸಭೆಗೆ ಬಂದಿದೆ. ಕೆಳಗಿನ ಕೇರಿಗೆ ನಾಲ್ಕು ದಿನ ನೀರು ಬಾರದೆ ಜನ ಕಚೇರಿಯ ಜಗಲಿಯಲ್ಲಿ ಬಂದು ಕೂತದ್ದೇ ಇದಕ್ಕೆ ಕಾರಣ. ಸಂಬಳ ಕೊಡುವವರು ಲೆಕ್ಕ ಕೇಳುವುದು ತಪ್ಪಲ್ಲವೆಂದು ನಾನು ಇದರ ಪರವಾಗಿದ್ದೇನೆ. ಬೇರೆ ಅಭಿಪ್ರಾಯವಿದ್ದವರು ತಿಳಿಸಬೇಕು.

ನಿವೃತ್ತ ಎಂಜಿನಿಯರ್, ಶಿವಮೊಗ್ಗ:
ಲೆಕ್ಕ ಕೇಳಿ, ಆದರೆ ಯಾವುದರ ಲೆಕ್ಕ? ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಪೈಪು ತೋಟ, ಹಳ್ಳ, ಗುಡ್ಡ ದಾಟಿ ಹೋಗಬೇಕು. ಟ್ಯಾಂಕಿಗಿಂತ 60 ಮೀಟರ್ ತಗ್ಗಿನಲ್ಲಿರುವ ನಲ್ಲಿಯ ಮೇಲೆ, ನೀರು ನಿಂತಿರುವಾಗ, ಚದರ ಸೆಂಟಿಮೀಟರಿಗೆ ಸುಮಾರು 6 ಕಿಲೋ ಒತ್ತಡವಿರುತ್ತದೆ. ಅಂಥ ಲೈನಿನ ವಾಲ್ವನ್ನು ಅವಸರದಲ್ಲಿ ಮುಚ್ಚಿದರೆ, ಓಡುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪನ್ನು ಗುದ್ದುತ್ತದೆ. ಎಲ್ಲೋ ದೂರದ ಜಾಯಿಂಟ್ ಕಿತ್ತುಹೋಗುತ್ತದೆ. ಏರಿನ ನೆತ್ತಿಯಲ್ಲಿ ಏರ್‌ವಾಲ್ವ್ ಕೆಟ್ಟರೆ ಗಾಳಿ ಕಟ್ಟಿಕೊಂಡು ಮುಂದಿನ ಮನೆಗಳಿಗೆ ನೀರು ಸರಿಯಾಗಿ ಹೋಗದು. ನೀರುಗಂಟಿ ವಾಲ್ವಿನ ಬಳಿ ನಿಂತದ್ದನ್ನು ಜಿಪಿಎಸ್ ಹೇಳಬಹುದು. ಹೇಗೆ ತಿರುಗಿಸಿದರೆಂದು ಹೇಳಲಾರದು. ಅದನ್ನು ಯಾರಾದರೂ ಅವರಿಗೆ ಕಲಿಸಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ.

ನೀರುಗಂಟಿ, ಹೊಸನಗರ ತಾಲ್ಲೂಕು:
ಕಲಿಸಿಲ್ಲ ಸರ್. ನನಗೆ ಬೀಗದ ಕೈಯನ್ನೂ ವಾಲ್ವ್ ತಿರುಗಿಸುವ ಕೀಲಿಯನ್ನೂ ಕೊಟ್ಟು, ಹಳಬರು ತೋರಿಸುತ್ತಾರೆ ಎಂದರು. ಹಳಬರು ಅಷ್ಟರಲ್ಲಿ ಕೆಲಸ ಬಿಟ್ಟಾಗಿತ್ತು. ಕಳೆದ ವರ್ಷ ಪುನರ್ವಸು ಮಳೆಯಲ್ಲಿ ದರೆ ಕುಸಿದು ಪೈಪು ತುಂಡಾದಾಗ ನಾನೊಬ್ಬನೇ ಗುಂಡಿಗಿಳಿದೆ. ಬದಿಯ ಮಣ್ಣು ಜಾರಿ ತೊಡೆಯವರೆಗೆ ಹೂತುಹೋದೆ. ಮೊಬೈಲು ಜೇಬಿನಲ್ಲೇ ಇತ್ತು, ಸಿಗ್ನಲ್ ಇರಲಿಲ್ಲ. ದನ ಹುಡುಕುತ್ತ ಬಂದವರೊಬ್ಬರು ಎಳೆದು ತೆಗೆದರು. ಮರುದಿನ ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ನೀರು ಯಾವಾಗ ಬಿಡುತ್ತೀರಿ ಎಂಬುದು.

ಗ್ರಾಹಕ, ಸಾಗರ:
ತಮ್ಮ ಕಷ್ಟ ನಿಜ. ಆದರೂ ನಮ್ಮೂರಿನ ನೀರುಗಂಟಿ ಬ್ಲೀಚಿಂಗ್ ಪೌಡರ್ ಹಾಕಿದ್ದೇನೆಂದು ಪುಸ್ತಕದಲ್ಲಿ ಬರೆಯುತ್ತಾರೆ. ಕಿಟ್‌ನಿಂದ ಪರೀಕ್ಷಿಸಿದರೆ ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಕೂಡ ಉಳಿದಿರುವುದಿಲ್ಲ. ತಲೆಗೆ ದಿನಕ್ಕೆ 55 ಲೀಟರ್ ಎಂಬ ಜಲ ಜೀವನ್ ಮಿಷನ್ನಿನ ಮಾತು ಇರಲಿ, ಬರುವಷ್ಟಾದರೂ ಶುದ್ಧವಾಗಿರಬೇಡವೇ? ನಿಗಾ ಬೇಡವೆನ್ನುವುದನ್ನು ನಾನು ಒಪ್ಪಲಾರೆ.

ಆರೋಗ್ಯ ಸಹಾಯಕಿ, ಸೊರಬ:
ಪೈಪ್‌ಲೈನ್ ನಡೆದು ನೋಡುವುದೆಂದರೆ ನಮ್ಮಲ್ಲಿ ಕಾಡು ನಡೆಯುವುದು ಎಂಬುದನ್ನು ಯಾರೂ ಹೇಳಲಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಸಲ್ಪಟ್ಟದ್ದು ನಮ್ಮ ತಾಲ್ಲೂಕಿನ ಕ್ಯಾಸನೂರಿನಲ್ಲಿ; ಉಣುಗಿನಿಂದ ಹರಡುವ ಈ ಜ್ವರ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ. ನೀರಿನ ಅಭಾವ ಶುರುವಾಗಿ ಸೋರಿಕೆ ಹುಡುಕಲು ಇವರನ್ನು ಪೊದೆಗೆ ಅಟ್ಟುವುದೂ ಅದೇ ತಿಂಗಳುಗಳಲ್ಲಿ. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಲು ಡೇಪಾ ತೈಲ, ಮೈ ಮುಚ್ಚುವ ಬಟ್ಟೆ, ಮರಳಿದ ಮೇಲೆ ಬಿಸಿನೀರಿನ ಸ್ನಾನಕ್ಕೆ ಬಿಡುವು, ಇಷ್ಟನ್ನೂ ಹಾಜರಾತಿಯ ಜೊತೆಯಲ್ಲೇ ಠರಾವಿಗೆ ಸೇರಿಸಿ. ಸತ್ತ ಮಂಗ ಕಂಡರೆ ಕೂಡಲೇ ತಿಳಿಸುವಂತೆಯೂ ಹೇಳಿಡಿ.

ನಿವೃತ್ತ ಎಂಜಿನಿಯರ್, ಶಿವಮೊಗ್ಗ:
ಸಾಗರದವರ ದೂರಿಗೆ ಉತ್ತರ ಕಿಟ್‌ನಲ್ಲೇ ಇದೆ: ವಾರಕ್ಕೊಮ್ಮೆ ಲೈನಿನ ಕಟ್ಟಕಡೆಯ ನಲ್ಲಿಯಲ್ಲಿ ಸದಸ್ಯರೇ ನಿಂತು ಪರೀಕ್ಷಿಸಲಿ, ಪೌಡರ್ ದಾಸ್ತಾನನ್ನೂ ನೋಡಲಿ. ಖಾಲಿ ಚೀಲ ಕೊಟ್ಟು ಕ್ಲೋರಿನ್ ಕೇಳಿದ ಊರುಗಳನ್ನು ನಾನು ಕಂಡಿದ್ದೇನೆ. ಇನ್ನು ಗುಂಡಿಯ ವಿಷಯ. ಒಂದೂವರೆ ಮೀಟರಿಗಿಂತ ಆಳವಾದರೆ ಬದಿಗೆ ಹಲಗೆಯ ಆಧಾರವಿಲ್ಲದೆ ಯಾರೂ ಇಳಿಯಕೂಡದು; ನೆನೆದ ಮಣ್ಣಿನಲ್ಲಿ ಅದಕ್ಕಿಂತ ಕಡಿಮೆ ಆಳವೂ ಅಪಾಯವೇ. ಮೇಲೆ ಇನ್ನೊಬ್ಬರು ನಿಂತಿರಲೇಬೇಕು.

ಪಂಚಾಯತಿ ಸದಸ್ಯ, ತೀರ್ಥಹಳ್ಳಿ ತಾಲ್ಲೂಕು:
ಸಿಗ್ನಲ್ಲೇ ಇಲ್ಲದ ಕಡೆ ಜಿಪಿಎಸ್‌ನಿಂದ ಸಹಾಯವೂ ದೊರೆಯದೆಂಬುದು ನನಗೆ ಹೊಳೆದಿರಲಿಲ್ಲ. ಹಾಜರಾತಿಯ ಬೇಡಿಕೆಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಆದರೆ ಹೊರಡುವಾಗ ಯಾವ ಲೈನಿಗೆಂದು ಕಚೇರಿಯಲ್ಲಿ ಬರೆದು ಹೋಗುವುದು, ಹೇಳಿದ ಹೊತ್ತಿಗೆ ಮರಳದಿದ್ದರೆ ಹುಡುಕಲು ಜನ ಕಳುಹಿಸುವುದು, ಮಳೆಗಾಲದ ರಿಪೇರಿಗೆ ಜೋಡಿಯಾಗಿ ಒಬ್ಬರನ್ನು ಕೊಡುವುದು, ಈ ಮೂರನ್ನು ಮೊದಲು ಮಂಡಿಸುತ್ತೇನೆ. ಜೋಡಿಯವರ ಕೂಲಿಯನ್ನು ನೀರಿನ ಕರದಿಂದಲೇ ಭರಿಸಿದ ಪಂಚಾಯತಿಯವರು ಯಾರಾದರೂ ಇಲ್ಲಿದ್ದರೆ, ಲೆಕ್ಕ ಹೇಗೆ ಹೊಂದಿಸಿದಿರೆಂದು ಸಭೆಗೆ ಮುಂಚೆ ಬರೆಯಿರಿ.