ಎಷ್ಟು ಜನ ಸತ್ತರೆ ಅದು ‘ಸಮೂಹನಾಶಕ ಅಸ್ತ್ರ’?

ಪ್ರಶ್ನೆ (ಸಾಗರ):
ಪಿಯುಸಿ ಓದುವ ಮಗಳು ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಎಷ್ಟು ಜನರನ್ನು ಕೊಂದರೆ ಒಂದು ಬಾಂಬಿಗೆ ಈ ಹೆಸರು ಬರುತ್ತದೆ ಎಂದು ಕೇಳಿದಳು. ನೂರೇ, ಸಾವಿರವೇ? ತಿಳಿದವರು ಹೇಳಿ.

ಉತ್ತರ (ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ತೀರ್ಥಹಳ್ಳಿ):
ಹೆಣ ಎಣಿಸಿ ಇಡುವ ಹೆಸರಲ್ಲ ಸ್ವಾಮಿ ಇದು. 1945ರ ಮಾರ್ಚ್‌ನಲ್ಲಿ ಅಮೆರಿಕದ ವಿಮಾನಗಳು ಟೋಕಿಯೊ ಮೇಲೆ ಬೆಂಕಿಬಾಂಬು ಸುರಿದವು. ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು. ಆ ಬಾಂಬು ಈ ಪಟ್ಟಿಯಲ್ಲಿಲ್ಲ! ಅದೇ ಊರಿನ ಸುರಂಗ ರೈಲಿನಲ್ಲಿ 1995ರಲ್ಲಿ ಒಂದು ಪಂಥದವರು ಸಾರಿನ್ ವಿಷ ಬಿಟ್ಟಾಗ ಸತ್ತವರು ಇಪ್ಪತ್ತಕ್ಕಿಂತ ಕಡಿಮೆ, ಸಾರಿನ್ ಪಟ್ಟಿಯಲ್ಲಿದೆ. ವಿಶ್ವಸಂಸ್ಥೆಯ ಆಯೋಗವೊಂದು 1948ರಲ್ಲೇ ಗೆರೆ ಎಳೆದಿದೆ: ಪರಮಾಣು ಅಸ್ತ್ರ, ವಿಕಿರಣ ವಸ್ತುವಿನ ಅಸ್ತ್ರ, ಮಾರಕ ರಾಸಾಯನಿಕ ಮತ್ತು ಜೈವಿಕ ಅಸ್ತ್ರ, ಮುಂದೆ ಇವಕ್ಕೆ ಸಮನಾಗಿ ನಾಶ ಮಾಡಬಲ್ಲದ್ದು ಏನೇ ಬಂದರೂ ಅದು. ನಮ್ಮ 2005ರ ಕಾಯ್ದೆ ಜೈವಿಕ, ರಾಸಾಯನಿಕ, ಪರಮಾಣು ಎಂದಷ್ಟೇ ಹೇಳುತ್ತದೆ. ಕ್ಷಿಪಣಿ ಕಂಡೊಡನೆ ಈ ಹೆಸರು ಅಂಟಿಸುವ ವರದಿಗಾರರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಕ್ಷಿಪಣಿ ಹೊತ್ತೊಯ್ಯುವ ಸಾಧನ, ಅಷ್ಟೇ.

ಉತ್ತರ (ಅಡಿಕೆ ಬೆಳೆಗಾರ, ಹೊಸನಗರ):
ಮೇಷ್ಟ್ರೇ, ಕೊಳೆರೋಗಕ್ಕೆ ನಾವು ಮೈಲುತುತ್ತು, ಸುಣ್ಣ ಕಲಸಿ ಹೊಡೆಯುತ್ತೇವೆ. ಅದೂ ರಾಸಾಯನಿಕ. ಮಂಗನ ಕಾಯಿಲೆಯ ವೈರಸ್ಸು ನಮ್ಮ ಕಾಡಿನಲ್ಲೇ ಇದೆ. ನಮ್ಮ ಮೇಲೂ ಕೇಸು ಹಾಕುತ್ತಾರೆಯೇ?

ಉತ್ತರ (ಉಪನ್ಯಾಸಕ, ತೀರ್ಥಹಳ್ಳಿ):
ತಮಾಷೆಗೆ ಕೇಳಿದ್ದೀರಿ, ಆದರೆ ಗಂಟು ಇರುವುದೇ ಅಲ್ಲಿ. ಟಾಬುನ್ ಎಂಬ ನರವಿಷ 1936ರಲ್ಲಿ ಸಿಕ್ಕಿದ್ದು ಕೀಟನಾಶಕ ಹುಡುಕುತ್ತಿದ್ದ ಜರ್ಮನ್ ವಿಜ್ಞಾನಿಗೆ. ಹಾಗಾಗಿ 1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಒಪ್ಪಂದ ವಸ್ತುವಿಗಿಂತ ಉದ್ದೇಶವನ್ನು ನೋಡುತ್ತದೆ. ಕ್ಲೋರಿನ್ ಕುಡಿಯುವ ನೀರಿಗೆ ಬಿದ್ದರೆ ಯಾರೂ ಕೇಳುವುದಿಲ್ಲ. ಜನರನ್ನು ಕೊಲ್ಲಲು ಬಿಟ್ಟರೆ ಅದು ರಾಸಾಯನಿಕ ಅಸ್ತ್ರ. ಉಣುಗಿನಿಂದ ಹರಡುವ ಕಾಯಿಲೆ ಕಾಯಿಲೆಯೇ, ಯಾರಾದರೂ ಅದನ್ನು ಬೇಕೆಂದೇ ಜನರ ಮೇಲೆ ಬಿಡುವವರೆಗೆ. ನೀವು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಔಷಧಿ ಹೊಡೆಯಿರಿ.

ಪ್ರಶ್ನೆ ಕೇಳಿದವರು (ಸಾಗರ):
ಮಗಳ ತಕರಾರು ಇನ್ನೂ ಮುಗಿದಿಲ್ಲ. 2013ರ ಬಾಸ್ಟನ್ ಸ್ಫೋಟದಲ್ಲಿದ್ದದ್ದು ಕುಕ್ಕರ್ ಬಾಂಬು, ಆದರೂ ಆರೋಪಿಯ ಮೇಲೆ ಇದೇ ಹೆಸರಿನ ಆರೋಪ ಹೊರಿಸಿದ್ದರಂತೆ?

ಉತ್ತರ (ಉಪನ್ಯಾಸಕ, ತೀರ್ಥಹಳ್ಳಿ):
ನಿಜ. ಅಮೆರಿಕದ ಕ್ರಿಮಿನಲ್ ಕಾನೂನು ಗ್ರೆನೇಡನ್ನೂ ಇದೇ ಸಾಲಿಗೆ ಸೇರಿಸುತ್ತದೆ. ಯಾವ ಕಾನೂನಿನ ಅರ್ಥ ಎಂದು ಮೊದಲೇ ಹೇಳಿ ಮಾತು ಶುರು ಮಾಡಲಿ, ಎದುರಾಳಿ ಅಲ್ಲೇ ಸಿಕ್ಕಿಬೀಳುತ್ತಾನೆ.